ಸೆಟ್‌ಬ್ಯಾಕ್ ಬಿಡದ ಗ್ರಾಫು

“ಏನಮ್ಮ, ನಮ್ಮ ಬೋರ್‌ನಲ್ಲಿ ಅರವತ್ತು ಅಡಿಗೇ ನೀರಿದೆ ಅಂತ ಹಾಕಿದ್ದೀಯಲ್ಲ, ಮತ್ತೆ ನಮ್ಮ ಮೋಟರ್ ಯಾಕೆ ಬರೀ ಗಾಳಿ ಎಳೀತಿದೆ?”

ಕೇಳಿದವರು ಬಾವಿ ನಂಬರ್ 7ರ ಯಜಮಾನರು. ನಿವೃತ್ತ ಕನ್ನಡ ಮೇಷ್ಟ್ರು. ನಾಗರಬಾವಿಯ ಒಂದು ಪುಟ್ಟ ಸಭಾಂಗಣ, ಭಾನುವಾರ ಬೆಳಗ್ಗೆ, ಮೂವತ್ತು ಪ್ಲಾಸ್ಟಿಕ್ ಕುರ್ಚಿ. ಎಲ್ಲರ ಕೈಯಲ್ಲೂ ನಾನು ಹಂಚಿದ್ದ ಒಂದೊಂದು ಹಾಳೆ. ಹೆಸರಿನಲ್ಲೇ ಬಾವಿ ಇರುವ ಜಾಗದಲ್ಲಿ ನಿಂತು ಬಾವಿಯ ಬಗ್ಗೆ ತಪ್ಪು ಹೇಳಿದರೆ ಹೇಗಿರುತ್ತೆ, ನೀವೇ ಯೋಚಿಸಿ.

“ಇಲ್ಲ ಸರ್, ಅದು ಅಡಿ ಅಲ್ಲ, ಮೀಟರ್. ಗ್ರಾಫಿನ ಕೆಳಗೇ ಬರೆದಿದೆ ನೋಡಿ” ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಪಕ್ಕದವರೂ ನೋಡಿದರು. ನಾನೂ ನೋಡಿದೆ. ಬರೆದಿರಲಿಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನವರೆಲ್ಲ ಟ್ಯಾಂಕರ್ ಹಿಂದೆ ಓಡಿದ್ದು ನೆನಪಿದೆಯಲ್ವಾ? ಅದಾದ ಮೇಲೆ ನಮ್ಮ ಸಣ್ಣ ತಂಡ ಹನ್ನೆರಡು ಮನೆಗಳ ಕೊಳವೆಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಅಂತ ಅಳೆಯಲು ಶುರು ಮಾಡಿತ್ತು. ಒಂದು ಉದ್ದನೆ ಟೇಪು ಒಳಗೆ ಇಳಿಬಿಡಬೇಕು. ತುದಿ ನೀರಿಗೆ ತಾಗಿದರೆ ಮೇಲೆ ಬೀಪ್ ಅನ್ನುತ್ತೆ. ಮನೆಯವರ ಹೆಸರು ಹಾಕುವಂತಿಲ್ಲ. ನಮ್ಮ ಮನೆ ಬೋರ್ ಬತ್ತಿದೆ ಅಂತ ಗೊತ್ತಾದರೆ ನಾಳೆ ಮನೆ ಮಾರುವುದು ಹೇಗೆ? ಹಾಗಾಗಿ ಬರೀ ನಂಬರು. ಒಂದೊಂದು ಬಾವಿಗೆ ಒಂದೊಂದು ಅಡ್ಡ ಪಟ್ಟಿ. ಪಟ್ಟಿ ಉದ್ದ ಇದ್ದಷ್ಟೂ ನೀರು ಆಳ. ಕೆಳಗೆ ಎರಡು ಸಾಲಿನ ಇಂಗ್ಲಿಷ್ ಬರಹ: ಮೊದಲ ಸಾಲಿನಲ್ಲಿ ‘ನೀರಿನ ಆಳ’, ಎರಡನೇ ಸಾಲಿನಲ್ಲಿ ‘ನೆಲಮಟ್ಟದಿಂದ ಮೀಟರ್‌ಗಳಲ್ಲಿ’.

ಎರಡನೇ ಸಾಲು ಹಾಳೆಯಲ್ಲಿ ಇರಲಿಲ್ಲ. ಅರ್ಧ ಅಕ್ಷರ ಕತ್ತರಿಸಿ ಹೋಗಿದ್ದರೆ ಯಾರಾದರೂ ಗಮನಿಸುತ್ತಿದ್ದರು, ನಾನೇ ಗಮನಿಸುತ್ತಿದ್ದೆ. ಅದು ನೀಟಾಗಿ, ಮೊದಲಿನಿಂದಲೂ ಬರೆದೇ ಇರಲಿಲ್ಲ ಅನ್ನುವ ಹಾಗೆ ಹೋಗಿತ್ತು. ಅಳತೆ ಇಲ್ಲದಿದ್ದರೆ ಓದುವವರು ತಮ್ಮ ಅಳತೆ ಹಾಕಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಬೋರ್‌ವೆಲ್ ಆಳವನ್ನು ಯಾರೂ ಮೀಟರ್‌ನಲ್ಲಿ ಹೇಳುವುದಿಲ್ಲ. “ಸಾವಿರ ಅಡಿ ಹೊಡೆಸಿದ್ವಿ, ಬರೀ ಧೂಳು ಬಂತು” ಅನ್ನುವುದು ನಮ್ಮ ಭಾಷೆ. ಮೀಟರ್ ಏನಿದ್ದರೂ ವರದಿಗಳಿಗೆ. ಅರವತ್ತು ಮೀಟರ್ ಅಂದರೆ ಸುಮಾರು 197 ಅಡಿ. ಮೇಷ್ಟ್ರ ನೀರನ್ನು ನಾನು ಒಂದು ಹಾಳೆಯಲ್ಲಿ 137 ಅಡಿ ಮೇಲಕ್ಕೆ ತಂದುಬಿಟ್ಟಿದ್ದೆ.

ಸಭೆ ಮುಗಿದ ಮೇಲೆ ನೇರ ಜೆರಾಕ್ಸ್ ಅಂಗಡಿಗೆ ಹೋದೆ. ಪ್ರಿಂಟ್ ತೆಗೆಸಿದ್ದು ಅಲ್ಲೇ. “ಅಣ್ಣಾ, ನಿಮ್ಮ ಮಿಷಿನ್ ಕೆಳಗಡೆ ಕಟ್ ಮಾಡಿದೆ” ಅಂದೆ, ಸ್ವಲ್ಪ ಜೋರಾಗಿಯೇ. ನನ್ನ ಅನುಮಾನ ತೀರಾ ದಡ್ಡತನದ್ದೂ ಅಲ್ಲ. ಮಾಮೂಲಿ ಪ್ರಿಂಟರ್‌ಗಳು ಹಾಳೆಯ ಅಂಚಿನ ಕೆಲವು ಮಿಲಿಮೀಟರ್ ಜಾಗವನ್ನು ಮುಟ್ಟುವುದೇ ಇಲ್ಲ. ಅವರು ಏನೂ ವಾದ ಮಾಡದೆ ನನ್ನ ಪೆನ್‌ಡ್ರೈವ್ ಹಾಕಿ, ಫೈಲ್ ತೆರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ಮೇಡಂ, ನಾನು ಕಟ್ ಮಾಡಿಲ್ಲ. ಫೈಲಲ್ಲೇ ಇಲ್ಲ.”

ಹೌದು. ಇರಲಿಲ್ಲ. ಒಂದು ಟೀ ಕುಡಿದು, ಕ್ಷಮೆ ಕೇಳಿ ಮನೆಗೆ ಬಂದೆ.

ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಎರಡು ಸಾಲೂ ಇದ್ದವು! ನಾನು ಗ್ರಾಫ್ ಬರೆಯುವುದು ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಜುಪಿಟರ್ ನೋಟ್‌ಬುಕ್ ಒಳಗೆ, ಅಂದರೆ ಕೋಡೂ ಅದರ ಚಿತ್ರವೂ ಒಂದೇ ಪುಟದಲ್ಲಿ ಕಾಣುವ ಕಡೆ. ನೋಟ್‌ಬುಕ್‌ನಲ್ಲಿ ಎಲ್ಲ ಸರಿ. ಸೇವ್‌ಫಿಗ್ ಅನ್ನುವ ಕಮಾಂಡ್ ಕೊಟ್ಟು ಪಿಎನ್‌ಜಿ ಚಿತ್ರದ ಫೈಲ್ ಮಾಡಿದರೆ ಎರಡನೇ ಸಾಲು ಮಾಯ. ಇಂಥ ಹೊತ್ತಲ್ಲಿ ಎಲ್ಲರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಡಿಪಿಐ ಜಾಸ್ತಿ ಮಾಡಿದೆ. 100 ಇದ್ದದ್ದನ್ನು 300 ಮಾಡಿದೆ. 640 ಪಿಕ್ಸೆಲ್ ಅಗಲದ ಚಿತ್ರ 1920 ಪಿಕ್ಸೆಲ್ ಆಯಿತು. ಬರಹ ಇಲ್ಲದಿರುವುದು ಇನ್ನೂ ಸ್ಪಷ್ಟವಾಗಿ ಕಂಡಿತು.

ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ ಅಷ್ಟೇ. ಇಂಚು ಎಷ್ಟಿತ್ತೋ ಅಷ್ಟೇ ಇರುತ್ತದೆ. ಅಕ್ಷರದ ಅಳತೆಯೂ ಪಾಯಿಂಟ್‌ನಲ್ಲಿ, ಅಂದರೆ ಇಂಚಿನ 72ನೇ ಒಂದು ಭಾಗದ ಲೆಕ್ಕದಲ್ಲಿ ಇರುವುದರಿಂದ ಎಲ್ಲವೂ ಒಟ್ಟಿಗೇ ಹಿಗ್ಗುತ್ತದೆ. ಕತ್ತರಿಸಿದ ಜಾಗ ಕತ್ತರಿಸಿದಲ್ಲೇ ಇರುತ್ತದೆ.

ನೋಟ್‌ಬುಕ್‌ನಲ್ಲಿ ಕಾಣುವುದು ಫೈಲ್‌ನಲ್ಲಿ ಯಾಕಿಲ್ಲ? ಉತ್ತರ ಸಿಗಲು ಎರಡು ದಿನ ಬೇಕಾಯಿತು. ನೋಟ್‌ಬುಕ್ ಗ್ರಾಫನ್ನು ತೋರಿಸುವಾಗ ತಾನಾಗಿಯೇ ಒಂದು ಉಪಕಾರ ಮಾಡುತ್ತದೆ. ‘ಬಿಬಾಕ್ಸ್ ಇಂಚಸ್’ ಅನ್ನುವ ಆಯ್ಕೆಯನ್ನು ‘ಟೈಟ್’ ಅಂತ ಇಟ್ಟುಕೊಂಡು, ಅಕ್ಷರಗಳು ಎಲ್ಲಿಯವರೆಗೆ ಚಾಚಿವೆಯೋ ಅಲ್ಲಿಯವರೆಗೆ ಚೌಕಟ್ಟನ್ನು ಎಳೆದು ತೋರಿಸುತ್ತದೆ. ನಾವು ಕೈಯಾರೆ ಸೇವ್‌ಫಿಗ್ ಕೊಟ್ಟಾಗ ಈ ಉಪಕಾರ ಇಲ್ಲ. ಹೇಳಿದ ಅಳತೆಯ ಹಾಳೆ, ಅಷ್ಟರೊಳಗೆ ಬಿದ್ದದ್ದು ಮಾತ್ರ. ಎರಡೂ ಒಂದೇ ಚಿತ್ರ ಅಂತ ನಾನು ವರ್ಷಗಟ್ಟಲೆ ನಂಬಿದ್ದೆ. ಇಷ್ಟು ದಿನ ಸಿಕ್ಕಿಬೀಳದೆ ಇದ್ದದ್ದು ಅಕ್ಷರಗಳನ್ನು ಚಿಕ್ಕದಾಗಿ ಇಡುತ್ತಿದ್ದೆ ಅನ್ನುವ ಒಂದೇ ಕಾರಣಕ್ಕೆ. ಈ ಸಲ ಹಿರಿಯರು ಓದಲಿ ಅಂತ ಹತ್ತು ಪಾಯಿಂಟ್ ಇದ್ದದ್ದನ್ನು ಹದಿನಾಲ್ಕು ಮಾಡಿದ್ದೆ. ಓದಲಿ ಅಂತ ದೊಡ್ಡದು ಮಾಡಿದ್ದಕ್ಕೇ ಓದಲು ಸಿಗದೆ ಹೋಯಿತು.

ಕಾರಣ ಗೊತ್ತಾಯಿತು, ಆದರೆ ತಲೆಗೆ ಹೋಗಲಿಲ್ಲ. ತಲೆಗೆ ಹೋಗಿಸಿದವರು ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ಕಟ್ಟಡದ ಕಂಟ್ರಾಕ್ಟರು. ದೊಡ್ಡ ಅಪಾರ್ಟ್‌ಮೆಂಟ್ ಎಲ್ಲ ಅಲ್ಲ. ತರ್ಟಿ ಫಾರ್ಟಿ ಸೈಟಿನಲ್ಲಿ ಕೆಳಗೊಂದು ಮನೆ, ಮೇಲೆರಡು ಬಾಡಿಗೆ ಮನೆ, ಅಂಥವು. ಆವತ್ತು ಸಂಜೆ ಬಂದು ಕಾಫಿ ಕುಡಿಯುತ್ತ, “ಏನೇ ಪುಟ್ಟಿ, ಆವಾಗಿಂದ ಅದೇ ಚಿತ್ರ ನೋಡ್ತಾ ಕೂತಿದೀಯ?” ಅಂದರು. ಸುಮ್ನೆ ಹೇಳುತ್ತಾ ಹೋದೆ. ಹೊರಗಿನ ಹಾಳೆಗೆ ‘ಫಿಗರ್’ ಅಂತ ಹೆಸರು, ಒಳಗೆ ಗೆರೆಗಳು ಇರುವ ಚೌಕಕ್ಕೆ ‘ಆಕ್ಸೀಸ್’ ಅಂತ ಹೆಸರು, ನಾವೇನೂ ಹೇಳದಿದ್ದರೆ ಹಾಳೆ 6.4 ಇಂಚು ಅಗಲ, 4.8 ಇಂಚು ಎತ್ತರ ಇರುತ್ತೆ ಅಂದೆ.

“ಅಂದ್ರೆ ಹೊರಗಿಂದು ಸೈಟು, ಒಳಗಿಂದು ಮನೆ” ಅಂದರು ಚಿಕ್ಕಪ್ಪ. “ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದೀಯ?” ಸೆಟ್‌ಬ್ಯಾಕ್ ಅಂದರೆ ಮನೆಗೂ ಕಾಂಪೌಂಡಿಗೂ ನಡುವೆ ಬಿಡುವ ಖಾಲಿ ಜಾಗ.

ಅದು ತಾನಾಗಿಯೇ ಬಿಟ್ಟಿರುತ್ತೆ ಚಿಕ್ಕಪ್ಪ ಅಂತ ಹೇಳಿ ಲೆಕ್ಕ ತೆಗೆದೆ. ಎಡಕ್ಕೆ ಅಗಲದ 12.5 ಪರ್ಸೆಂಟ್, ಬಲಕ್ಕೆ 10, ಮೇಲೆ ಎತ್ತರದ 12, ಕೆಳಗೆ 11. ಕೆಳಗಿನ 11 ಪರ್ಸೆಂಟ್ ಅಂದರೆ ಸುಮಾರು ಅರ್ಧ ಇಂಚು, ಪಾಯಿಂಟ್ ಲೆಕ್ಕದಲ್ಲಿ 38. ಅಷ್ಟು ಜಾಗದಲ್ಲಿ ನಾನು ಏನೇನು ಕಟ್ಟಿದ್ದೆ? ಗುರುತಿನ ಕಡ್ಡಿ ಮೂರೂವರೆ ಪಾಯಿಂಟ್. ಅದರ ಕೆಳಗೆ ಅಷ್ಟೇ ಖಾಲಿ. ಅಂಕಿಗಳ ಎತ್ತರ ಸುಮಾರು ಹತ್ತು. ಮತ್ತೆ ನಾಲ್ಕು ಪಾಯಿಂಟ್ ಖಾಲಿ. ಅಲ್ಲಿಗೆ 21. ಮೊದಲ ಸಾಲಿಗೆ ಸುಮಾರು 17. ಒಟ್ಟು 38. ಸೈಟು ಮುಗಿಯಿತು. ಎರಡನೇ ಸಾಲು ಪೂರ್ತಿ ರಸ್ತೆಯಲ್ಲಿ.

“ಸಜ್ಜ, ಮೆಟ್ಟಿಲು ಎಲ್ಲಾ ಕಾಂಪೌಂಡ್ ಆಚೆ ಕಟ್ಟಿದೀಯ. ಪಾಲಿಕೆಯವರು ಬಂದು ಒಡೆದು ಹಾಕಿದಾರೆ. ಅವರ ತಪ್ಪೇನಿದೆ?” ಅಂದು ಚಿಕ್ಕಪ್ಪ ಜೋರಾಗಿ ನಕ್ಕರು. ಅವರು ಕಟ್ಟಿಸಿದ ಮನೆಗಳ ಮೆಟ್ಟಿಲು ಎಷ್ಟು ಮೋರಿ ಮೇಲಿವೆ ಅಂತ ನನಗೆ ಗೊತ್ತು. ಹೇಳಲಿಲ್ಲ.

ಚಿಕ್ಕಪ್ಪ ಹೀಗೆ ಸೈಟು, ಮನೆ ಅಂದ ಮೇಲೆ ನನಗೆ ಬಹಳ ದಿನದಿಂದ ಗೊಂದಲವಾಗಿದ್ದ ಇನ್ನೊಂದು ವಿಷಯವೂ ಬಿಡಿಸಿಕೊಂಡಿತು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಎರಡು ‘ಟೈಟ್’ ಇವೆ. ಒಂದು, ಸೇವ್ ಮಾಡುವಾಗ ಕೊಡುವ ಬಿಬಾಕ್ಸ್ ಟೈಟ್. ಇನ್ನೊಂದು, ಟೈಟ್ ಲೇಔಟ್. ಹೆಸರು ಒಂದೇ ಥರ, ಕೆಲಸ ಪೂರ್ತಿ ಬೇರೆ. ಬಿಬಾಕ್ಸ್ ಟೈಟ್ ಮನೆಯನ್ನು ಮುಟ್ಟುವುದಿಲ್ಲ. ಕಾಂಪೌಂಡ್ ಗೋಡೆಯನ್ನೇ ಸರಿಸುತ್ತದೆ. ಮೆಟ್ಟಿಲು ಹೊರಗೆ ಬಂದಿದ್ದರೆ ಅದನ್ನೂ ಸೇರಿಸಿ ಗೋಡೆ ಕಟ್ಟುತ್ತದೆ, ಇನ್ನೊಂದು ಕಡೆ ಖಾಲಿ ಜಾಗ ಇದ್ದರೆ ಅಲ್ಲಿ ಗೋಡೆಯನ್ನು ಒಳಗೆ ತರುತ್ತದೆ. ಸುತ್ತ 0.1 ಇಂಚು ಬಿಟ್ಟು ಮುಗಿಸುತ್ತದೆ. ಟೈಟ್ ಲೇಔಟ್ ಹಾಗಲ್ಲ. ಸೈಟು ಎಷ್ಟಿದೆಯೋ ಅಷ್ಟೇ. ಒಳಗಿನ ಮನೆಯನ್ನು ಚಿಕ್ಕದು ಮಾಡಿ ಮೆಟ್ಟಿಲಿಗೂ ಸಜ್ಜಕ್ಕೂ ಜಾಗ ಮಾಡುತ್ತದೆ. ಅದಾದ ಮೇಲೆ ಬಂದ ಕನ್‌ಸ್ಟ್ರೈನ್ಡ್ ಲೇಔಟ್ ಕೂಡ ಇದೇ ಜಾತಿ, ಇನ್ನೂ ಜಾಣ. ಅದನ್ನು ಮನೆ ಕಟ್ಟಿದ ಮೇಲಲ್ಲ, ಫಿಗರ್ ಶುರು ಮಾಡುವಾಗಲೇ ಹೇಳಿಬಿಡುವುದು ಒಳ್ಳೆಯದು. ಇನ್ನು ಎಲ್ಲವನ್ನೂ ಕೈಯಾರೆ ಅಳತೆ ಕೊಟ್ಟು ಮಾಡುತ್ತೇನೆ ಅನ್ನುವವರಿಗೆ ‘ಸಬ್‌ಪ್ಲಾಟ್ಸ್ ಅಡ್ಜಸ್ಟ್’ ಅಂತ ಒಂದು ಕಮಾಂಡ್ ಇದೆ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನುವುದನ್ನು ಕಂಪ್ಯೂಟರ್‌ಗೆ ಹೇಳಲು ಒಂದು ಅಧಿಕೃತ ದಾರಿ ಇದೆ ಅಂತ ಗೊತ್ತಾದಾಗ ಬೆಂಗಳೂರಿನವಳಾಗಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸೈಟಿಗೆ ಮೀರಿ ಬರಹ ತುಂಬಿದರೆ ಈ ಲೇಔಟ್‌ಗಳೂ ಕೈ ಚೆಲ್ಲುತ್ತವೆ. ಮನೆಗೆ ಜಾಗವೇ ಉಳಿಯಲಿಲ್ಲ, ಹಾಗಾಗಿ ನಾನು ಏನೂ ಮಾಡಿಲ್ಲ ಅಂತ ಒಂದು ಎಚ್ಚರಿಕೆ ಬರುತ್ತದೆ. ಓದದೆ ಮುಂದೆ ಹೋದರೆ ಕತ್ತರಿಸಿದ ಚಿತ್ರವೇ ಗತಿ. ಕೆಂಪು ಬಣ್ಣದ ಎಚ್ಚರಿಕೆಗಳನ್ನು ಓದದೆ ಮುಂದೆ ಹೋಗುವುದು ನನ್ನ ಹಳೇ ಚಾಳಿ.

ಬಿಬಾಕ್ಸ್ ಟೈಟ್ ಹಾಕಿ, ಎಲ್ಲ ಸರಿಹೋಗುತ್ತೆ ಅಂತ ಸಲಹೆ ಕೊಡುವವರು ಬಹಳ ಜನ. ಸರಿಹೋಗುವುದೂ ನಿಜ. ನಾನೂ ಒಂದು ತಿಂಗಳು ಕಣ್ಣುಮುಚ್ಚಿ ಅದನ್ನೇ ಹಾಕಿದೆ. ಆಮೇಲೆ ವರದಿಗೆ ಆರು ಚಿತ್ರ ಜೋಡಿಸುವಾಗ ಬಣ್ಣ ಬಯಲಾಯಿತು. ಆರಕ್ಕೂ ಒಂದೇ ಅಳತೆ ಹೇಳಿದ್ದೆ. ಆದರೆ ಪ್ರತಿ ಚಿತ್ರದ ಗೋಡೆಯೂ ಅದರದರ ಬರಹಕ್ಕೆ ತಕ್ಕಂತೆ ಸರಿದು, ಆರು ಚಿತ್ರಕ್ಕೆ ಆರು ಅಗಲ. ಎಲ್ಲವನ್ನೂ ಒಂದೇ ಅಗಲಕ್ಕೆ ಹಿಗ್ಗಿಸಿ ಕುಗ್ಗಿಸಿ ಕೂರಿಸಿದಾಗ ಅಕ್ಷರಗಳೂ ಆರು ಗಾತ್ರ. ಮದುವೆ ಆಲ್ಬಮ್‌ನಲ್ಲಿ ಒಬ್ಬೊಬ್ಬ ನೆಂಟರ ಮುಖ ಒಂದೊಂದು ಸೈಜು ಇದ್ದ ಹಾಗೆ.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಡುಸಾಗಿದೆ. ಬಿಬಾಕ್ಸ್ ಟೈಟ್ ಒಂದು ಬ್ಯಾಂಡೇಜು. ವಾಟ್ಸ್ಯಾಪ್‌ನಲ್ಲಿ ಕಳಿಸುವ ಚಿತ್ರಕ್ಕೆ ಸಾಕು. ಕಾಗದಕ್ಕೆ ಹೋಗುವ ಚಿತ್ರಕ್ಕೆ ಸಾಲದು. ಕಾಗದದಲ್ಲಿ ಎಷ್ಟು ಜಾಗ ಸಿಗುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಂಡು, ಅಷ್ಟೇ ಇಂಚಿನ ಹಾಳೆ ತೆರೆದು, ಅದರೊಳಗೆ ಬರೆಯಬೇಕು. ‘ನೇಚರ್’ ವಿಜ್ಞಾನ ಪತ್ರಿಕೆಯ ಒಂದು ಕಾಲಂ ಅಗಲ 89 ಮಿಲಿಮೀಟರ್, ಅಂದರೆ ಸುಮಾರು ಮೂರೂವರೆ ಇಂಚು. 6.4 ಇಂಚಿನ ಚಿತ್ರವನ್ನು ಅದರೊಳಗೆ ಕುಗ್ಗಿಸಿದರೆ ಹತ್ತು ಪಾಯಿಂಟ್ ಅಕ್ಷರ ಐದೂವರೆಗೆ ಇಳಿಯುತ್ತದೆ. ನಮ್ಮ ಕೆಲಸ ‘ನೇಚರ್’ವರೆಗೆ ಹೋಗುವುದಲ್ಲ ಬಿಡಿ. ನಮ್ಮದು ಜೆರಾಕ್ಸ್ ಅಂಗಡಿಯ ಎ4 ಹಾಳೆ. ಲೆಕ್ಕ ಮಾತ್ರ ಅದೇ.

ವರದಿಯ ಇನ್ನೊಂದು ಚಿತ್ರದ ಕಥೆ ಹೇಳದಿದ್ದರೆ ಮನಸ್ಸು ತಡೆಯದು. ಅದರಲ್ಲಿ ಎಡಕ್ಕೆ ನಂಬರ್ ಬದಲು ಬಡಾವಣೆಗಳ ಹೆಸರುಗಳು. ಎಡಗಡೆ ಇರುವ ಜಾಗ 0.8 ಇಂಚು. ಹೆಸರುಗಳು ಬಲಕ್ಕೆ, ಮನೆಯ ಗೋಡೆಗೆ ಆತುಕೊಂಡು ನಿಲ್ಲುತ್ತವೆ, ಹಾಗಾಗಿ ಕತ್ತರಿಸಿ ಹೋಗುವುದು ಶುರುವಿನ ಅಕ್ಷರ. ರಾಜರಾಜೇಶ್ವರಿ ನಗರ, ಚಂದ್ರಾ ಲೇಔಟ್, ಕೊಟ್ಟಿಗೆಪಾಳ್ಯ ಎಲ್ಲ ತಲೆ ಕಳೆದುಕೊಂಡು, ಫೈಲ್‌ನಲ್ಲಿ ಉಳಿದದ್ದು ಹೆಚ್ಚುಕಡಿಮೆ ಇಷ್ಟು: ನಗರ, ಲೇಔಟ್, ಪಾಳ್ಯ. ಒಂದು ಥರದಲ್ಲಿ ನೋಡಿದರೆ ಇಡೀ ಬೆಂಗಳೂರು ಅಷ್ಟೇ.

ಈ ಸಾಫ್ಟ್‌ವೇರ್ ಹುಟ್ಟಿದ ಕಥೆ ಓದಿದ ಮೇಲೆ ನನಗೆ ಅದರ ಮೇಲಿದ್ದ ಸಿಟ್ಟು ಇಳಿಯಿತು. ಅದನ್ನು ಶುರು ಮಾಡಿದ ಜಾನ್ ಹಂಟರ್ ಸಾಫ್ಟ್‌ವೇರ್ ಕಂಪನಿಯವರಲ್ಲ, ನರವಿಜ್ಞಾನದ ಸಂಶೋಧಕರು. ಮೂರ್ಛೆರೋಗ ಇದ್ದವರ ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡುವ ಕೆಲಸ. ಅವರ ಲ್ಯಾಬ್‌ನಲ್ಲಿ ಅದಕ್ಕಿದ್ದ ಸಾಫ್ಟ್‌ವೇರ್‌ಗೆ ಒಂದೇ ಲೈಸೆನ್ಸು. ಅದಕ್ಕೊಂದು ಡಾಂಗಲ್, ಅಂದರೆ ಕಂಪ್ಯೂಟರ್‌ಗೆ ಚುಚ್ಚಿದರಷ್ಟೇ ಸಾಫ್ಟ್‌ವೇರ್ ಓಡಿಸುವ ಪುಟ್ಟ ಬೀಗದ ಕೈ. ಎಲ್ಲರೂ ಅದಕ್ಕಾಗಿ ಕಾಯಬೇಕು. ಬೇಸತ್ತು ತಾವೇ ಬರೆಯಲು ಕೂತರು. 2003ರಲ್ಲಿ ಮೊದಲ ಆವೃತ್ತಿ ಹೊರಬಂತು. 2012ರ ಆಗಸ್ಟ್‌ನಲ್ಲಿ, 44ನೇ ವಯಸ್ಸಿಗೇ ತೀರಿಕೊಂಡರು. ಅವರು ಕಟ್ಟಿದ್ದನ್ನು ಬೇರೆಯವರು ಇವತ್ತಿಗೂ ಬೆಳೆಸುತ್ತಿದ್ದಾರೆ. 2019ರಲ್ಲಿ ಜಗತ್ತೆಲ್ಲ ನೋಡಿದ ಕಪ್ಪುಕುಳಿಯ ಚಿತ್ರದ ಹಿಂದಿನ ಕೆಲಸದಲ್ಲೂ ಇದರ ಕೈ ಇತ್ತು. ಪರದೆಗೆ ತೋರಿಸುವ ಭಾಗ ಬೇರೆ, ಪಿಎನ್‌ಜಿ, ಪಿಡಿಎಫ್, ಎಸ್‌ವಿಜಿ ಥರದ ಫೈಲ್ ಬರೆಯುವ ಭಾಗಗಳು ಬೇರೆಬೇರೆ ಅನ್ನುವುದು ಇದರ ಕಟ್ಟಡದಲ್ಲೇ ಇದೆ. ಪರದೆ ಬೇರೆ, ಫೈಲ್ ಬೇರೆ ಅಂತ ಅದು ಯಾವತ್ತೂ ಮುಚ್ಚಿಟ್ಟಿರಲಿಲ್ಲ. ನಾನು ಓದಿರಲಿಲ್ಲ.

ಬೇರೆ ಸಾಫ್ಟ್‌ವೇರ್ ಬಳಸುವವರು ಇದು ನಮಗಲ್ಲ ಅಂದುಕೊಳ್ಳಬೇಡಿ. ನಮ್ಮ ತಂಡದಲ್ಲೇ ಒಬ್ಬರು ಮ್ಯಾಟ್‌ಲ್ಯಾಬ್ ಬಳಸುತ್ತಾರೆ. ಅಲ್ಲಿ ಪಿಡಿಎಫ್ ಮಾಡುವಾಗ ಚಿತ್ರದ ಅಳತೆ ಒಂದು, ‘ಪೇಪರ್ ಸೈಜ್’ ಇನ್ನೊಂದು. ಹೊಂದದಿದ್ದರೆ ಚಿತ್ರದ ಪಕ್ಕ ಕತ್ತರಿಸಿ ಹೋಗುತ್ತದೆ. 2020ರಿಂದ ‘ಎಕ್ಸ್‌ಪೋರ್ಟ್ ಗ್ರಾಫಿಕ್ಸ್’ ಅಂತ ಒಂದು ಕಮಾಂಡ್ ಬಂದ ಮೇಲೆ ಅವರಿಗೆ ನಿರಾಳ. ಆರ್ ಅನ್ನುವ ಸಾಫ್ಟ್‌ವೇರ್ ಬಳಸುವವರಿಗೆ ‘ಮಾರ್’ ಅನ್ನುವ ನಾಲ್ಕು ಅಂಕಿಗಳೇ ಸೆಟ್‌ಬ್ಯಾಕು. ನಮ್ಮ ಹಿರಿಯರೊಬ್ಬರ ಹತ್ತಿರ ಮಾತ್ರ ಒಂದು ಹಳೇ ಜಾದೂ ಇತ್ತು. ಅವರ ಇಪಿಎಸ್ ಫೈಲಿನಲ್ಲಿ (ಚಿತ್ರವನ್ನು ಚುಕ್ಕೆಗಳ ಬದಲು ಬರಹದ ಆದೇಶಗಳಾಗಿ ಇಡುವ ಫೈಲ್ ಅದು) ಅಕ್ಷರ ಅರ್ಧ ಕತ್ತರಿಸಿತ್ತು. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಮೇಲುಗಡೆ ‘ಬೌಂಡಿಂಗ್ ಬಾಕ್ಸ್’ ಅಂತ ಇದ್ದ ಸಾಲಿನ ನಾಲ್ಕು ಅಂಕಿಗಳಲ್ಲಿ ಒಂದನ್ನು ಬದಲಾಯಿಸಿದರು. ಅಷ್ಟೇ. ಕಾಣೆಯಾಗಿದ್ದ ಅರ್ಧ ಅಕ್ಷರ ವಾಪಸ್ ಬಂತು. ಇಂಥ ಫೈಲ್‌ಗಳಲ್ಲಿ ಗೆರೆಯ ಆಚೆಗಿನದ್ದು ಎಷ್ಟೋ ಸಲ ಅಳಿಸಿಹೋಗಿರುವುದಿಲ್ಲ, ಮರೆಯಾಗಿರುತ್ತದೆ ಅಷ್ಟೇ. ಪಿಎನ್‌ಜಿಯಲ್ಲಿ ಹೋದದ್ದು ಹೋಯಿತು. ಇನ್ನು ವರ್ಡ್ ಫೈಲಿಗೆ ಹಾಕಿದ ಚಿತ್ರ ಬರೀ ಒಂದು ಪಟ್ಟಿಯಷ್ಟೇ ಕಂಡರೆ ಗ್ರಾಫನ್ನು ಬೈಯಬೇಡಿ. ಆ ಪ್ಯಾರಾದ ಸಾಲಿನ ಅಂತರ ‘ಎಕ್ಸಾಕ್ಟ್‌ಲಿ’ ಅಂತ ಇದೆಯಾ ನೋಡಿ. ‘ಸಿಂಗಲ್’ ಮಾಡಿದರೆ ಚಿತ್ರ ಪೂರ್ತಿ ಎದ್ದು ನಿಲ್ಲುತ್ತದೆ.

ಮತ್ತೆ ನಾಗರಬಾವಿಗೆ ಬರೋಣ. ಆ ಸಭೆಯಲ್ಲಿ ಮೇಷ್ಟ್ರು ಇನ್ನೊಂದು ಮಾತೂ ಹೇಳಿದ್ದರು. “ಕನ್ನಡದಲ್ಲಿ ಹಾಕಿದ್ರೆ ನಮ್ಮನೆಯವಳೂ ಓದ್ತಿದ್ಳು.” ಸರಿ, ಅದೇನು ಮಹಾ ಅಂದುಕೊಂಡೆ.

ಮೊದಲ ಸಲ ಎಲ್ಲ ಬರೀ ಚೌಕಗಳು. ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಡೇಜಾವು ಸ್ಯಾನ್ಸ್ ಫಾಂಟ್‌ನಲ್ಲಿ ಕನ್ನಡ ಇಲ್ಲ. ನೋಟೋ ಸ್ಯಾನ್ಸ್ ಕನ್ನಡ ಹಾಕಿದೆ. ಚೌಕ ಹೋಗಿ ಅಕ್ಷರ ಬಂದವು, ಆದರೆ ಎಂಥ ಅಕ್ಷರ! ಗುಡಿಸು ಅಕ್ಷರದ ತಲೆ ಬಿಟ್ಟು ಪಕ್ಕದಲ್ಲಿ ನಿಂತಿತ್ತು. ಒತ್ತಕ್ಷರ ಕೆಳಗೆ ಇಳಿಯದೆ ಸಾಲಿನಲ್ಲೇ ಕ್ಯೂ ನಿಂತಿತ್ತು. ‘ಮಟ್ಟ’ ಅನ್ನುವುದು ‘ಮ’, ಅರ್ಧ ‘ಟ್’, ಇನ್ನೊಂದು ‘ಟ’ ಅಂತ ಬಿಡಿಬಿಡಿ. ಒಂದನೇ ಕ್ಲಾಸಿನ ಮಗು ಕಾಗುಣಿತ ಕಲಿಯುವ ಮೊದಲು ಬರೆದ ಹಾಗೆ. ಇಂಗ್ಲಿಷ್‌ನಲ್ಲಿ ಒಂದಾದ ಮೇಲೊಂದು ಅಕ್ಷರ ಇಡುತ್ತಾ ಹೋದರೆ ಪದ ಆಗುತ್ತದೆ. ಕನ್ನಡದಲ್ಲಿ ಹಾಗಲ್ಲ, ಅಕ್ಷರಗಳನ್ನು ಮೊದಲು ಕೂಡಿಸಬೇಕು. ನನ್ನ ಹತ್ತಿರ ಇದ್ದ ಆವೃತ್ತಿ ಆ ಕೂಡಿಸುವ ಕೆಲಸ ಮಾಡುತ್ತಿರಲಿಲ್ಲ.

ಒಂದು ಉಪಾಯ ಹೊಳೆಯಿತು. ಎಸ್‌ವಿಜಿಯಾಗಿ ಸೇವ್ ಮಾಡುವಾಗ ಅಕ್ಷರಗಳನ್ನು ಗೆರೆಗಳಾಗಿ ಬದಲಾಯಿಸದೆ ಅಕ್ಷರಗಳಾಗಿಯೇ ಬಿಡು ಅಂತ ಹೇಳಬಹುದು. ಆಗ ಕೂಡಿಸುವ ಕೆಲಸ ಬ್ರೌಸರ್‌ನದ್ದು. ಬ್ರೌಸರ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ. ಮಾಡಿದೆ. ಬಂತು! ಗುಂಡಗೆ, ಮುದ್ದಾಗಿ, ಒತ್ತು ದೀರ್ಘ ಎಲ್ಲ ಸೇರಿ. ಖುಷಿಯಲ್ಲಿ ಸುತ್ತಲಿನ ಬಿಳಿ ಜಾಗ ಯಾಕೆ ದಂಡ ಅಂತ ಬಿಬಾಕ್ಸ್ ಟೈಟ್ ಹಾಕಿ, ಆ 0.1 ಇಂಚಿನ ಪ್ಯಾಡಿಂಗನ್ನೂ ಸೊನ್ನೆ ಮಾಡಿದೆ. ತಿಂಗಳವಾರು ಚಿತ್ರ ಅದು. ಕೆಳಗೆ ತಿಂಗಳ ಹೆಸರುಗಳು. ತೆರೆದು ನೋಡಿದರೆ ಸೆಪ್ಟೆಂಬರ್‌ನ ಒತ್ತು ಹೋಗಿ ‘ಸೆಪೆಂಬರ್’ ಆಗಿತ್ತು. ಅಕ್ಟೋಬರ್ ‘ಅಕೋಬರ್’ ಆಗಿತ್ತು.

ಸುಮಾರು ಹೊತ್ತು ಯೋಚಿಸಿದ ಮೇಲೆ ಅರ್ಥವಾಯಿತು. ಅಳೆದವರು ಒಬ್ಬರು, ಬರೆದವರು ಇನ್ನೊಬ್ಬರು. ಅಳತೆ ಮಾಡಿದ್ದು ಮ್ಯಾಟ್‌ಪ್ಲಾಟ್‌ಲಿಬ್. ಅದರ ಲೆಕ್ಕದಲ್ಲಿ ಒತ್ತಕ್ಷರ ಪಕ್ಕದಲ್ಲಿರುತ್ತದೆ. ಹಾಗಾಗಿ ಅಗಲಕ್ಕೆ ಜಾಸ್ತಿ ಜಾಗ, ಕೆಳಗೆ ಕಡಿಮೆ. ಬರೆದದ್ದು ಬ್ರೌಸರ್. ಅದು ಒತ್ತನ್ನು ಎಲ್ಲಿಡಬೇಕೋ ಅಲ್ಲೇ, ಕೆಳಗೆ ಇಟ್ಟಿತು. ಕೆಳಗೆ ಹಾಳೆ ಇರಲಿಲ್ಲ. ಮೇಸ್ತ್ರಿ ಒಬ್ಬ ಪಾಯ ಅಳೆದು ಹೋಗಿ, ಇನ್ನೊಬ್ಬ ಬಂದು ಮನೆ ಕಟ್ಟಿದರೆ ಆಗುವುದು ಇದೇ, ಅಲ್ವಾ?

ಕೊನೆಗೆ ದಾರಿ ಸಿಕ್ಕಿದ್ದು ಪಿಜಿಎಫ್ ಅನ್ನುವ ಬ್ಯಾಕೆಂಡ್‌ನಲ್ಲಿ, ಅಂದರೆ ಮ್ಯಾಟ್‌ಪ್ಲಾಟ್‌ಲಿಬ್‌ನದ್ದೇ ಫೈಲ್ ಬರೆಯುವ ಇನ್ನೊಂದು ಭಾಗದಲ್ಲಿ. ಅದು ಪ್ರತಿ ಬರಹವನ್ನೂ ಝೀಲೇಟೆಕ್ ಅನ್ನುವ ಅಕ್ಷರ ಜೋಡಿಸುವ ಸಾಫ್ಟ್‌ವೇರ್‌ಗೆ ಕೊಟ್ಟು, ಇದರ ಅಗಲ ಎಷ್ಟು, ಎತ್ತರ ಎಷ್ಟು, ಗೆರೆಯ ಕೆಳಗೆ ಎಷ್ಟು ಇಳಿಯುತ್ತದೆ ಅಂತ ಕೇಳುತ್ತದೆ. ಬರೆಯುವವನೂ ಅವನೇ, ಅಳೆಯುವವನೂ ಅವನೇ. ಕನ್ನಡ ಫಾಂಟ್ ಹೇಳಿಕೊಟ್ಟರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಜಾಗವೂ ಸರಿಯಾಗಿ ಬಿಡುತ್ತದೆ. ನಿಧಾನ. ಪ್ರತಿ ಸಲ ಚಿತ್ರ ಬರುವವರೆಗೆ ಕಾಯಬೇಕು. ತಪ್ಪಾದರೆ ಬರುವ ಸಂದೇಶಗಳು ಓದುವ ಹಾಗಿರುವುದಿಲ್ಲ. ಒಂದು ವಾರ ನನ್ನ ಸಂಜೆಗಳು ಇದರಲ್ಲೇ ಹೋದವು. ಅಮ್ಮ, “ಇಷ್ಟು ಹೊತ್ತಲ್ಲಿ ಕೈಯಲ್ಲೇ ಬರೆದು ಮೂವತ್ತು ಕಾಪಿ ಮಾಡಬಹುದಿತ್ತು” ಅಂದರು. ಅದೂ ನಿಜವೇ.

ಈಗ ನನ್ನ ಅಭ್ಯಾಸ ಬದಲಾಗಿದೆ. ನೋಟ್‌ಬುಕ್‌ನ ಆ ಉಪಕಾರವನ್ನು ಒಂದು ಸಾಲಿನ ಸೆಟ್ಟಿಂಗ್‌ನಿಂದ ಮೊದಲೇ ನಿಲ್ಲಿಸಿಬಿಡುತ್ತೇನೆ. ಕತ್ತರಿಸಿದ್ದರೆ ಕತ್ತರಿಸಿದ್ದೇ ಕಾಣಲಿ. ಫಿಗರ್‌ನ ಹಿನ್ನೆಲೆಗೆ ತೆಳು ಹಳದಿ ಬಣ್ಣ ಕೊಡುತ್ತೇನೆ. ಬಿಳಿ ಚಿತ್ರ ಬಿಳಿ ಪರದೆಯ ಮೇಲಿದ್ದರೆ ಸೈಟು ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ. ಹಳದಿ ಇದ್ದರೆ ಕಾಂಪೌಂಡು ಕಾಣುತ್ತದೆ. ಎಲ್ಲ ಮುಗಿದ ಮೇಲೆ ಬಿಳಿ ಮಾಡುತ್ತೇನೆ. ಆಮೇಲೆ ಫೈಲನ್ನೇ ತೆರೆದು ನಾಲ್ಕೂ ಅಂಚಿನ ಮೇಲೆ ಬೆರಳಾಡಿಸುತ್ತೇನೆ. ನಡುವೆ ಇರುವ ಪಟ್ಟಿ, ಗೆರೆ ಯಾವತ್ತೂ ಕತ್ತರಿಸಿ ಹೋಗಿಲ್ಲ. ಹೋಗುವುದು ಅಂಚಿನಲ್ಲಿ ಇರುವುದು: ಅಳತೆ, ಹೆಸರು, ಒತ್ತು.

ಎರಡನೇ ಸಭೆಗೆ ಹೊಸ ಹಾಳೆ. ಕನ್ನಡದಲ್ಲಿ. ಕೆಳಗೆ ಮೀಟರ್ ಗುರುತು, ಮೇಲುಗಡೆ ಎರಡನೇ ಅಕ್ಷದಲ್ಲಿ ಅದೇ ಆಳ ಅಡಿಗಳಲ್ಲಿ. ಎ4 ಹಾಳೆಗೆ ಹೊಂದುವ ಹಾಗೆ ಮೊದಲೇ ಅಳತೆ ಕೊಟ್ಟು ಬರೆದದ್ದು. ಜೆರಾಕ್ಸ್ ಅಂಗಡಿಯವರಿಗೆ ‘ಫಿಟ್ ಟು ಪೇಜ್’ ಬೇಡ, ‘ಆಕ್ಚುವಲ್ ಸೈಜ್’ ಕೊಡಿ ಅಂದೆ. ಅವರು ಮೊದಲ ಪ್ರತಿ ತೆಗೆದು ನನ್ನ ಕೈಗೆ ಕೊಟ್ಟು, “ನೋಡ್ಕೊಳ್ಳಿ ಮೇಡಂ, ಆಮೇಲೆ ನಮ್ಮ ಮಿಷಿನ್ ಅನ್ಬೇಡಿ” ಅಂದರು. ನೋಡಿದೆ. ಎಲ್ಲ ಇತ್ತು.

ಸಭೆಯಲ್ಲಿ ಮೇಷ್ಟ್ರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಇಬ್ಬರೂ ಏಳನೇ ಪಟ್ಟಿಯ ಮೇಲೆ ಬೆರಳಿಟ್ಟು, ತುದಿಯಿಂದ ನೇರ ಮೇಲಕ್ಕೆ ಹೋದರು. “ಇನ್ನೂರು ಅಡಿ ಹತ್ತಿರ ಹತ್ತಿರ” ಅಂದರು ಆಕೆ. “ಹಾಗಿದ್ರೆ ಗಾಳಿ ಎಳೆಯೋದು ಸರೀನೇ” ಅಂದರು ಇವರು. ಆಮೇಲೆ ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ನನ್ನ ಎದೆ ಧಸಕ್ಕೆಂದಿತು. ಹಾಳೆಯ ನಾಲ್ಕೂ ಅಂಚು ಇನ್ನೊಂದು ಸಲ ನೋಡಿದೆ. ಏನೂ ಹೋಗಿರಲಿಲ್ಲ.

ಅವರು ಸುತ್ತು ಹಾಕಿದ್ದು ಶೀರ್ಷಿಕೆಗೆ. ನಾನು ‘ಕೊಳವೆ ಭಾವಿ’ ಅಂತ ಬರೆದಿದ್ದೆ.

“ಬಾವಿಗೆ ಮಹಾಪ್ರಾಣ ಬೇಡಮ್ಮ” ಅಂದರು. “ಕೆಳಗೆ ಒಂದು ಸಣ್ಣ ಗೀಟು ಇದೆ ನೋಡು. ಅದೊಂದನ್ನ ಕತ್ತರಿಸಿಬಿಡು.”